ನಲವತ್ತೆಂಟು ಪೌಂಡಿನ ಬಿಗಿ

ಸೆಂಟರ್‌ವಿಲ್‌ನ ಟೆನಿಸ್ ಸಾಮಾನಿನ ಅಂಗಡಿಯೊಂದರ ಹಿಂಬದಿ ಕೋಣೆಯಲ್ಲಿ ನೀಲಗಂಗಾ ಆರು ವರ್ಷ ರ‍್ಯಾಕೆಟ್ಟುಗಳಿಗೆ ತಂತಿ ಕಟ್ಟಿದರು. ಅವರು ಇಳಕಲ್ಲಿನ ನೇಕಾರರ ಮನೆಯ ಮಗಳು. ಗಂಡ ಶಶಿಕಾಂತ್ ಸೇತುವೆ ಕಟ್ಟುವ ಇಂಜಿನಿಯರ್. 1993ರಲ್ಲಿ ಗ್ರೀನ್ ಕಾರ್ಡ್ ಬಂದು ದುಡಿಯುವ ಹಕ್ಕು ಸಿಕ್ಕ ವಾರವೇ, ಮನೆಯ ಹತ್ತಿರ 'ಕೆಲಸಕ್ಕೆ ಜನ ಬೇಕು' ಎಂಬ ಬೋರ್ಡು ಕಂಡು ನೀಲಗಂಗಾ ಒಳಗೆ ಹೋದರು. ಮಾಲೀಕ ತಂತಿ ಬಿಗಿಯುವ ಯಂತ್ರ ತೋರಿಸಿದ. ಉದ್ದಕ್ಕೆ ಹದಿನಾರು ಎಳೆ, ಅಡ್ಡಕ್ಕೆ ಹತ್ತೊಂಬತ್ತು, ಒಂದರ ಮೇಲೆ ಒಂದರ ಕೆಳಗೆ. ಹಾಸು, ಹೊಕ್ಕು. ಇದಕ್ಕೂ ತರಬೇತಿ ಬೇಕೇ ಎಂದು ಅವರಿಗೆ ನಗು ಬಂತು. ಮೂರನೆಯ ದಿನ ಮಾಲೀಕನಿಗಿಂತ ಬೇಗ ಮುಗಿಸಿದರು.

ಅಲ್ಲಿನ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ವರಲಕ್ಷ್ಮಿ ಎಂಬ ಬೆಂಗಳೂರಿನಾಕೆ ವಿಚಾರಿಸಿಕೊಂಡರು. ಆಕೆಯೂ ಗಂಡನೂ ಸಾಫ್ಟ್‌ವೇರಿನವರು.

"ನೀಲಾ, ಬ್ಯಾಟ್ ರಿಪೇರಿ ಮಾಡ್ತೀರಂತೆ? ಈಗ ಆರು ತಿಂಗಳು ಕೋರ್ಸ್ ಮಾಡಿದ್ರೆ ಯಾರು ಬೇಕಾದ್ರೂ ಪ್ರೋಗ್ರಾಮರ್ ಆಗ್ಬಿಡ್ತಾರೆ. ಸುಮ್ನೆ ಯಾಕೆ ಕೈ ಹಾಳು ಮಾಡ್ಕೋತೀರಾ?"

"ಕೈ ಇರೂದ ಅದಕ್ಕಲ್ಲೇನ್ರಿ?" ಎಂದರು ನೀಲಗಂಗಾ. "ಸ್ವಲ್ಪ ಉಪ್ಪಿನಕಾಯಿ ಈ ಕಡೆ ಸರಸ್ರಿ."

ಎಸ್ತರ್ ಮುಲೆಂಗಾ ಆ ಅಂಗಡಿಗೆ ಬಂದದ್ದು 1996ರ ಜೂನಿನಲ್ಲಿ. ಜಾಂಬಿಯಾದ ಕಿಟ್ವೆ ಎಂಬ ತಾಮ್ರದ ಗಣಿ ಊರಿನವಳು. ವಯಸ್ಸು ಹತ್ತೊಂಬತ್ತು. ಟೆನಿಸ್ ಆಟಗಾರ್ತಿಯರ ಲೋಕದ ಪಟ್ಟಿಯಲ್ಲಿ ನಾನೂರ ಹನ್ನೆರಡನೆಯ ಸ್ಥಾನ. ಕೈಯಲ್ಲಿ ಬೇರೆ ಬೇರೆ ಕಂಪನಿಯ ಎರಡು ರ‍್ಯಾಕೆಟ್ಟು. ಊರೂರು ಸುತ್ತುವ ಸಣ್ಣ ಟೂರ್ನಿಗಳಲ್ಲಿ ಆಡುವ ಹುಡುಗಿಯರಿಗೆ ಹೋಟೆಲು ಕೈಗೆಟುಕುವುದಿಲ್ಲ. ಊರಿನ ಯಾರಾದರೂ ವಾರದ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಎಸ್ತರ್‌ಳನ್ನು ಇಟ್ಟುಕೊಳ್ಳಲು ಒಪ್ಪಿದ್ದ ಮನೆಯವರಿಗೆ, ಅವಳು ಬಾಗಿಲಲ್ಲಿ ನಿಂತದ್ದನ್ನು ಕಂಡ ಮೇಲೆ, ತಮ್ಮ ನೆಂಟರು ಬರುವ ವಿಷಯ ನೆನಪಾಯಿತು. ಅವಳು ಚೀಲ ಹೊತ್ತು ಅಂಗಡಿಗೇ ಬಂದಿದ್ದಳು. ನೀಲಗಂಗಾ ತಂತಿ ಕಟ್ಟಿ ಮುಗಿಸಿ, ಹುಡುಗಿಯನ್ನೂ ಕಾರಿಗೆ ಹತ್ತಿಸಿಕೊಂಡು ಮನೆಗೆ ಹೋದರು. ಜೋಳದ ರೊಟ್ಟಿ ಅವಳಿಗೆ ಹಿಡಿಸಿತು. ಅವರ ನಾಡಿನಲ್ಲೂ ದೊಡ್ಡ ಹೆಂಗಸರನ್ನು ಆಂಟಿ ಎಂದೇ ಕರೆಯುತ್ತಾರಂತೆ, ಹಾಗೇ ಕರೆದಳು.

ಎರಡನೆಯ ದಿನ ವರಲಕ್ಷ್ಮಿಯ ಫೋನು. "ಮನೇಲಿ ಕರಿ ಹುಡುಗಿ ಇಟ್ಕೊಂಡಿದೀರಂತೆ? ಒಡವೆಗಿಡವೆ ಎಲ್ಲಾ ಹುಷಾರು ಕಣ್ರೀ."

ಬಿಳಿಯರ ಅಂಗಡಿಯಲ್ಲಿ ತಮ್ಮನ್ನು ಸರಿಯಾಗಿ ಮಾತಾಡಿಸಲಿಲ್ಲವೆಂದು ವರ್ಷವಿಡೀ ಗೋಳಾಡುವ ನಮ್ಮ ಜನದ ಬಾಯಿ ಇದು. ನೀಲಗಂಗಾ ಫೋನು ಇಟ್ಟು, ಹುಡುಗಿಗೆ ಇನ್ನೊಂದು ರೊಟ್ಟಿ ಹಾಕಿದರು.

ಮರುವರ್ಷ ಎಸ್ತರ್ ದಕ್ಷಿಣ ಕೆರೊಲಿನಾದ ಒಂದು ಟೂರ್ನಿ ಗೆದ್ದಳು, ಇನ್ನೊಂದರಲ್ಲಿ ಫೈನಲ್ಲಿಗೆ ಹೋದಳು. ಪಟ್ಟಿಯಲ್ಲಿ ಇನ್ನೂರ ಐವತ್ತರ ಹತ್ತಿರ ಬಂದಳು. ಆಗ ಆಟಗಾರರನ್ನು ಸಾಕುವ ಒಂದು ಕಂಪನಿಯ ಕಣ್ಣು ಅವಳ ಮೇಲೆ ಬಿತ್ತು. ವಸತಿ, ಪ್ರಯಾಣ, ಡೆನಿಸ್ ಎಂಬ ಕೋಚು, ಎಲ್ಲವೂ ಕಂಪನಿಯದು. ಷರತ್ತು ಒಂದೇ ಸಾಲಿನದು: ಗಾಯದಿಂದ ಆರು ವಾರ ಆಡದಿದ್ದರೆ ಒಪ್ಪಂದ ರದ್ದು. ಅದೇ ವರ್ಷ ಅಂಗಡಿಯವನು ಶಾರ್ಲಟ್ ಮತ್ತು ಅಟ್ಲಾಂಟಾ ಟೂರ್ನಿಗಳ ತಂತಿ ಕೆಲಸ ಹಿಡಿದ. ನೀಲಗಂಗಾ ಯಂತ್ರವನ್ನು ವ್ಯಾನಿನಲ್ಲಿ ಹಾಕಿಕೊಂಡು ಟೂರ್ನಿಗಳಿಗೆ ಹೋಗತೊಡಗಿದರು.

ತಂತಿ ಕಟ್ಟಿದ ಪ್ರತಿ ರ‍್ಯಾಕೆಟ್ಟಿಗೂ ಒಂದು ಚೀಟಿ ಕಟ್ಟುತ್ತಾರೆ: ಆಟಗಾರ್ತಿಯ ಹೆಸರು, ದಿನಾಂಕ, ಎಷ್ಟು ಪೌಂಡಿನ ಬಿಗಿ. ಬಿಗಿ ಕಡಿಮೆಯಾದಷ್ಟು ಚೆಂಡು ತಾನಾಗಿ ಚಿಮ್ಮುತ್ತದೆ, ತೋಳಿಗೆ ಶ್ರಮ ಕಡಿಮೆ. ಆದರೆ ಚೆಂಡು ಹೇಳಿದಲ್ಲಿಗೆ ಹೋಗುವುದಿಲ್ಲ. ಎಸ್ತರ್‌ಳದು ಯಾವಾಗಲೂ ಅರವತ್ತು.

1998ರ ಏಪ್ರಿಲ್‌ನಲ್ಲಿ, ಶಾರ್ಲಟ್‌ನಲ್ಲಿ, ಅವಳು ಐವತ್ತೇಳು ಕೇಳಿದಳು. ಎರಡು ದಿನ ಕಳೆದು ಐವತ್ತೆರಡು.

"ಚೀಟಿಯಲ್ಲಿ ಮಾತ್ರ ಅರವತ್ತು ಅಂತಲೇ ಬರೀರಿ, ಆಂಟಿ."

"ಯಾಕೆ?"

"ಡೆನಿಸ್ ನೋಡ್ತಾನೆ. ಭುಜ ಸ್ವಲ್ಪ ಹಿಡಿದುಕೊಂಡಿದೆ, ಅಷ್ಟೇ. ಅಟ್ಲಾಂಟಾದಲ್ಲಿ ಸೆಮಿಫೈನಲ್ ತಲುಪಿದರೆ ಸಾಕು. ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದರ ಅರ್ಹತಾ ಸುತ್ತಿಗೆ ಹೆಸರು ಹೋಗುತ್ತೆ. ಆಮೇಲೆ ವಿಶ್ರಾಂತಿ ತಗೋತೀನಿ. ಪ್ರಾಮಿಸ್."

ನೀಲಗಂಗಾ ಅರವತ್ತು ಎಂದು ಬರೆದರು. ಒಮ್ಮೆಯಲ್ಲ, ಐದು ಸಲ ಬರೆದರು. ಇದನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಅಟ್ಲಾಂಟಾ ಟೂರ್ನಿಯ ವಾರ ನೀಲಗಂಗಾ ಅಲ್ಲೇ ಹತ್ತಿರದ ನಾರ್‌ಕ್ರಾಸ್‌ನ ಒಂದು ಮೋಟೆಲಿನಲ್ಲಿ ಇಳಿದಿದ್ದರು. ಎಸ್ತರ್ ಎರಡು ಸುತ್ತು ಗೆದ್ದಳು. ಇನ್ನೊಂದು ಗೆದ್ದರೆ ಸೆಮಿಫೈನಲ್. ಆ ಪಂದ್ಯದ ಹಿಂದಿನ ದಿನ ಮಧ್ಯಾಹ್ನ ರ‍್ಯಾಕೆಟ್ಟು ತಂದು ಮೇಜಿನ ಮೇಲಿಟ್ಟು, "ನಲವತ್ತೆಂಟು," ಎಂದು ಹೊರಟುಹೋದಳು. ನೀಲಗಂಗಾ ಹಳೆಯ ತಂತಿ ಕತ್ತರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿದರು. ಕೈಯನ್ನು ತಲೆಯ ಮೇಲಕ್ಕೆತ್ತಿ ಜೋರಾಗಿ ಸರ್ವ್ ಮಾಡುವವರ ತಂತಿ ಮೇಲ್ಭಾಗದಲ್ಲಿ ಸವೆಯುತ್ತದೆ. ಎರಡು ವರ್ಷ ಅವಳದು ಸವೆದದ್ದು ಅಲ್ಲೇ. ಈಗ ಮೇಲಿನ ಎಳೆಗಳು ಹೊಸದರಂತೆ ನುಣ್ಣಗಿದ್ದವು. ಹುಡುಗಿಯ ಕೈ ಮೇಲಕ್ಕೆ ಏಳುತ್ತಿರಲಿಲ್ಲ.

ಅವರು ಯಂತ್ರ ನಿಲ್ಲಿಸಿ ಡೆನಿಸ್‌ನನ್ನು ಹುಡುಕಿಕೊಂಡು ಹೋದರು. ಅವನು ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಎಸ್ತರ್ ಭುಜ ಕೆಟ್ಟಿದೆ. ಚೀಟಿಯಲ್ಲಿರೋ ನಂಬರು ಸುಳ್ಳು. ಬರೆದವಳು ನಾನೇ."

ಡೆನಿಸ್ ತಿನ್ನುವುದನ್ನು ನಿಲ್ಲಿಸಲಿಲ್ಲ. "ಇಪ್ಪತ್ತು ವರ್ಷದಿಂದ ಟೆನಿಸ್ ಕಲಿಸ್ತಿದೀನಿ, ಮ್ಯಾಮ್. ಸಡಿಲ ತಂತಿ ಸದ್ದು ನನ್ನ ಕಿವಿಗೆ ಬೀಳೋದಿಲ್ವಾ? ಶಾರ್ಲಟ್‌ನಲ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಆಡಿಸ್ತಿದೀರಾ?"

"ಆಡ್ತೀನಿ ಅಂದವಳು ಅವಳು. ನೀವು ಅರವತ್ತು ಅಂತಲೇ ಬರೀತಾ ಇರಿ. ಚೀಟಿಗಳೆಲ್ಲ ಫೈಲಿನಲ್ಲಿ ಜೋಪಾನವಾಗಿವೆ."

ಫೈಲು ಏಕೆಂದು ನೀಲಗಂಗಾರಿಗೆ ವಾಪಸು ನಡೆಯುವಾಗ ಹೊಳೆಯಿತು. ನಾಳೆ ಭುಜ ಹರಿದರೆ, 'ಹುಡುಗಿ ನಮಗೆ ಹೇಳಲೇ ಇಲ್ಲ, ಇಲ್ಲಿದೆ ನೋಡಿ ಸಾಕ್ಷಿ' ಎನ್ನಲು. ಗೆದ್ದರೆ ಕಂಪನಿಯ ಜಾಣತನ, ಬಿದ್ದರೆ ಆಫ್ರಿಕಾದ ಹುಡುಗಿಯ ಮೋಸ. ಮಧ್ಯೆ ಸಾಕ್ಷಿ ಒದಗಿಸಿದ್ದು ಇಳಕಲ್ಲಿನ ಹೆಂಗಸಿನ ಕೈಬರಹ.

ಅವರು ಮೋಟೆಲಿನಿಂದ ಗಂಡನಿಗೆ ಫೋನು ಮಾಡಿದರು. ಶಶಿಕಾಂತ್ ಪೂರ್ತಿ ಕೇಳಿ, "ಊರ ಉಸಾಬರಿ ನಿನಗ್ಯಾಕ ಬೇಕ? ತಂತಿ ಕಟ್ಟಿಕೊಟ್ಟು ಸುಮ್ಮನ ಮನಿಗೆ ಬಾ," ಎಂದರು.

"ಸುಳ್ಳ ಬರದ ಕೈ ನಂದರಿ. ಊರಿಂದಲ್ಲ."

"ಆಕಿಗೆ ಹೇಳಿದರ ಆಕಿ ಆಟಾ ಮುಗೀತಲ್ಲ?"

"ಹೇಳದಿದ್ದರ ಆಕಿ ತೋಳ ಮುಗೀತದ."

"ಹಂಗಾರ ಹೇಳು. ಆದರ ಉಂಡ ಮ್ಯಾಲೆ ಹೇಳು, ಹಸದ ಹೊಟ್ಟಿಗೆ ಹೇಳಬ್ಯಾಡ," ಎಂದರು ಶಶಿಕಾಂತ್.

ರಾತ್ರಿ ಮೋಟೆಲಿನ ಕೋಣೆಯಲ್ಲಿ ನೀಲಗಂಗಾ ಎಸ್ತರ್‌ಳಿಗೆ ಅನ್ನ ಸಾರು ಬಡಿಸಿ, ತಟ್ಟೆ ಖಾಲಿಯಾದ ಮೇಲೆ, ಡೆನಿಸ್‌ನ ಹತ್ತಿರ ಹೋಗಿದ್ದೆ ಎಂದು ಹೇಳಿದರು.

"ನನ್ನ ಕೇಳದೆ ಅವನ ಹತ್ತಿರ ಹೋದ್ರಾ?" ಎಸ್ತರ್ ಎದ್ದು ನಿಂತಳು. "ನಿಮಗೆ ಯಾರು ಹೇಳಿದ್ದು? ಇದು ನನ್ನ ಜೀವನ, ಆಂಟಿ! ನೀವು ನೇಯೋ ಸೀರೆ ಅಲ್ಲ!"

"ಹೋದದ್ದು ತಪ್ಪಿರಬಹುದು. ಆದರೆ ಅವನಿಗೆ ಮೊದಲೇ ಗೊತ್ತಿತ್ತು."

"ಯಾವಾಗಿನಿಂದ?"

"ಶಾರ್ಲಟ್‌ನಿಂದ."

ಎಸ್ತರ್ ಮತ್ತೆ ಕೂತಳು. "ಶಾರ್ಲಟ್‌ನಲ್ಲಿ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಟವೆಲ್ ಕಚ್ಚಿ ಅಳ್ತಿದ್ದೆ, ಆಂಟಿ. ಅವನಿಗೆ ಕೇಳಿಸಬಾರದು ಅಂತ."

ನೀಲಗಂಗಾ ಅವಳಿಗೆ ಆಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ತಾನಿನ್ನು ಮುಂದೆ ಎಳೆದಷ್ಟು ಬಿಗಿಯನ್ನೇ ಚೀಟಿಯಲ್ಲಿ ಬರೆಯುವುದು ಎಂದಷ್ಟೇ ಹೇಳಿದರು.

ಬೆಳಿಗ್ಗೆ ಎಂಟಕ್ಕೆ ಎಸ್ತರ್ ಟೂರ್ನಿಯ ಕಚೇರಿಗೆ ಹೋಗಿ ಹೆಸರು ಹಿಂತೆಗೆದುಕೊಂಡಳು. ಕಾರಣದ ಸಾಲಿನಲ್ಲಿ 'ಬಲ ಭುಜ, ಮೂರು ವಾರದಿಂದ, ಕೋಚ್‌ಗೆ ಗೊತ್ತಿದೆ' ಎಂದು ಬರೆದಳು. ಎದುರಾಳಿ ಆಡದೆಯೇ ಸೆಮಿಫೈನಲ್ಲಿಗೆ ಹೋದಳು. ಡಾಕ್ಟರು ತೋಳನ್ನು ಎತ್ತಿ ನೋಡಿ, ಸ್ನಾಯು ಅರ್ಧ ಹರಿದಿದೆ, ಇನ್ನೊಂದೆರಡು ಪಂದ್ಯವಾಗಿದ್ದರೆ ಪೂರ್ತಿ ಹೋಗುತ್ತಿತ್ತು ಎಂದರು.

ಏಳನೆಯ ವಾರ ಕಂಪನಿಯ ಪತ್ರ ಬಂತು: ಒಪ್ಪಂದ ರದ್ದು, ಕಾರಣ ಆರು ವಾರದ ಷರತ್ತಲ್ಲ, ಗಾಯ ಮುಚ್ಚಿಟ್ಟದ್ದು. ನೀಲಗಂಗಾ ತಾವು ಯಾವ ದಿನ ಎಷ್ಟು ಬಿಗಿ ಎಳೆದು ಚೀಟಿಯಲ್ಲಿ ಎಷ್ಟೆಂದು ಬರೆದದ್ದು, ಪಾರ್ಕಿಂಗ್ ಲಾಟಿನಲ್ಲಿ ಡೆನಿಸ್ ಅಂದದ್ದು, ಎಲ್ಲವನ್ನೂ ಎರಡು ಪುಟ ಬರೆದು, ಸಹಿ ಹಾಕಿ ಕಂಪನಿಗೆ ಕಳಿಸಿದರು. ಉತ್ತರ ಬರಲಿಲ್ಲ. ಡೆನಿಸ್ ಈಗ ಇನ್ನೊಬ್ಬ ಹುಡುಗಿಯನ್ನು ಆಡಿಸುತ್ತಿದ್ದಾನೆ. ಅಂಗಡಿಯವನು ನೀಲಗಂಗಾರನ್ನು ಟೂರ್ನಿಗಳಿಗೆ ಕಳಿಸುವುದನ್ನು ನಿಲ್ಲಿಸಿದ. ವರ್ಷ ತುಂಬುವ ಮೊದಲು ಅವರೇ ಕೆಲಸ ಬಿಟ್ಟು, ಯಂತ್ರವೊಂದನ್ನು ಕೊಂಡು, ಮನೆಯ ಗ್ಯಾರೇಜಿನಲ್ಲಿಟ್ಟರು.

ಭುಜದ ಆಪರೇಷನ್ ಆಗಿ ಹದಿನಾರು ತಿಂಗಳ ಮೇಲೆ, 1999ರ ಅಕ್ಟೋಬರ್‌ನಲ್ಲಿ, ಎಸ್ತರ್ ದಕ್ಷಿಣ ಕೆರೊಲಿನಾದ ಒಂದು ಸಣ್ಣ ಟೂರ್ನಿಯಲ್ಲಿ ಮತ್ತೆ ಆಡಿದಳು. ಲೋಕದ ಪಟ್ಟಿಯಲ್ಲಿ ಈಗ ಅವಳ ಹೆಸರೇ ಇರಲಿಲ್ಲ. ಮೊದಲ ಸುತ್ತಿನಲ್ಲೇ ಸೋತಳು. ಸಂಜೆ ಫೋನು ಮಾಡಿದಳು.

"ಆರು ನಾಲ್ಕು, ಏಳು ಐದು. ಎರಡು ಗಂಟೆ ಆಡಿದೆ, ಆಂಟಿ."

"ಭುಜ?"

"ನೋಯ್ತಿದೆ. ಡಾಕ್ಟರಿಗೆ ಹೇಳಿದೆ, ಐಸ್ ಕಟ್ಟಿದಾರೆ. ಮುಂದಿನ ವಾರ ಆಡಬೇಡ ಅಂದ್ರು. ಆಡಲ್ಲ."