ಮುಟ್ಟಬಾರದ ಎರಡು ಸಾಲು

ಪೈನ್ ಮರದ ಲಾರಿ ಬಂದ ದಿನ ಉಳಿಯಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಿನ್ನುತ್ತಿದ್ದ ತಟ್ಟೆಯನ್ನು ಕಿಟಕಿಯ ಕಟ್ಟೆಗಿಟ್ಟು ಓಡಿದ. ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿತ್ತು. ಕಿವಿಗೆ ಪೆನ್ಸಿಲು, ಕೈಗೆ ಉಳಿ, ಹಾಗಾಗಿ ಬೀದಿಗೆಲ್ಲ ಉಳಿಯಪ್ಪ.

ಅವನ ಅಪ್ಪನೂ ಬಡಗಿಯೇ. ಕಬ್ಬಿಣದಂಥ ಗಟ್ಟಿ ಮರ ಬಿಟ್ಟು ಬೇರೆಯದಕ್ಕೆ ಕೈ ಹಚ್ಚಿದವನಲ್ಲ. ಪೈನ್ ಕಂಡರೆ, "ಹಲ್ಲುಕಡ್ಡಿಗಾಗೋ ಮರ, ಮನೆಗಲ್ಲ" ಎಂದು ಮೂಗು ಮುರಿಯುತ್ತಿದ್ದ. ಮಗನಿಗೋ ಅದರ ವಾಸನೆ ಬಂದರೆ ಸಾಕು, ಹಸಿದವನಿಗೆ ಒಗ್ಗರಣೆ ಸಿಡಿದ ಹಾಗೆ.

ಈ ಸಲದ ಮರ ಮಾತ್ರ ಗಿರಾಕಿಗಲ್ಲ, ಸ್ವಂತ ತಂಗಿಗೆ. ತಂಗಿ ಆಸ್ಪತ್ರೆಯಲ್ಲಿ ನರ್ಸ್, ಸದಾ ರಾತ್ರಿ ಪಾಳಿ. ಹಗಲಲ್ಲಿ ಮಲಗಬೇಕಾದವಳು. ಬಾಡಿಗೆ ಕೋಣೆಯ ಕೆಳಗೆ ಗ್ಯಾರೇಜು, ನಿದ್ದೆಗೆಟ್ಟು ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ದೂರದ ಊರಿನ ಆಸ್ಪತ್ರೆಯವರು ಕೆಲಸಕ್ಕೆ ಕರೆದಿದ್ದರು, ತಿಂಗಳು ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಅಪ್ಪ, ಅಮ್ಮ ಹೋದ ಮೇಲೆ ಒಂದೇ ರಕ್ತದವರು ಅಂತ ಉಳಿದವರು ಇವರಿಬ್ಬರೇ. "ನನ್ನ ಮನೆಯ ಅರ್ಧ ನಿನಗೆ, ನಡುವೆ ಗೋಡೆ ಕಟ್ಟಿಕೊಡ್ತೀನಿ" ಅಂದ ಉಳಿಯಪ್ಪ.

"ಅಣ್ಣಾ, ಅತ್ತಿಗೆಯ ಹೊಲಿಗೆ ಮಿಷನ್ನಿನ ಸದ್ದು ಕೇಳಿದ್ದೀಯಲ್ಲ? ಅದರ ಪಕ್ಕ ಸತ್ತವರೂ ಎದ್ದು ಕೂರ್ತಾರೆ. ನಿದ್ದೆ ಬಂದರೆ ಇರ್ತೀನಿ, ಇಲ್ಲಾಂದ್ರೆ ಹೊರಟೆ" ಅಂದಳು ತಂಗಿ.

ಮಾತೇನೂ ಸುಳ್ಳಲ್ಲ. ಅವನ ಹೆಂಡತಿ ಬಸ್ಸು ಕಾರುಗಳ ಸೀಟಿಗೆ ಕವರು ಹೊಲಿಯುವವಳು. ದಪ್ಪ ಚರ್ಮ ಹೊಲಿಯುವ ಆ ಮಿಷನ್ನು ಓಡಿದರೆ ಕಪಾಟಿನ ಲೋಟಗಳೂ ತಾಳ ಹಾಕುತ್ತಿದ್ದವು.

ಉಳಿಯಪ್ಪ ಒಂದೊಂದೇ ಪಟ್ಟಿ ಎತ್ತಿ ಕಣ್ಣಿಗೆ ಹಿಡಿದು ಬಾಗು ನೋಡಿದ, ಗಂಟು ನೋಡಿದ, ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದ್ದು ಅನ್ನುವ ಮುದ್ರೆ ನೋಡಿದ. ಹಸಿ ಮರ ಗೋಡೆಯೊಳಗೆ ಹೋದರೆ ಆಮೇಲೆ ಒಣಗಿ ಕುಗ್ಗುತ್ತೆ, ಬಿರುಕು ಬಿಡುತ್ತೆ. ಬಿರುಕಿದ್ದಲ್ಲಿ ಸದ್ದೂ ನುಗ್ಗುತ್ತೆ, ಹೊಗೆಯೂ ನುಗ್ಗುತ್ತೆ. ಆಮೇಲೆ ಎದ್ದಿತು ಗೋಡೆ. ಒಂದು ಸಾಲು ಕಂಬ ಅಣ್ಣನ ಕಡೆಗೆ, ಇನ್ನೊಂದು ಸಾಲು ತಂಗಿಯ ಕಡೆಗೆ, ನಡುವೆ ಬೆರಳಗಲದ ಸಂದು. ಒಂದು ಸಾಲು ನಡುಗಿದರೆ ಇನ್ನೊಂದಕ್ಕೆ ಸುದ್ದಿಯೇ ಮುಟ್ಟಬಾರದು, ಅದು ಲೆಕ್ಕ. ಕಂಬಗಳ ನಡುವೆ ಕಲ್ಲು ಕರಗಿಸಿ ಎಳೆದ ನಾರು, ರಾಕ್‌ವೂಲ್. ಎರಡೂ ಮುಖಕ್ಕೆ ಜಿಪ್ಸಂ ಹಲಗೆ.

ಹಲಗೆಯನ್ನು ಸದ್ಯಕ್ಕೆ ಬಿಗಿದು, ತಂಗಿಯನ್ನು ಕರೆಸಿ ಆಚೆ ಚಾಪೆಯ ಮೇಲೆ ಮಲಗಿಸಿದ. ಈಚೆ ಹೆಂಡತಿ ಮಿಷನ್ನು ತುಳಿದಳು.

"ಏನಾದ್ರೂ ಕೇಳಿಸ್ತಾ?" ಅಂತ ಓಡಿಬಂದ.

"ಕೇಳಿಸೋದೇನು! ಅತ್ತಿಗೆ ನನ್ನ ಕಿವಿಯೊಳಗೇ ಕೂತು ಹೊಲೀತಿದ್ದಾರೆ."

ಉಳಿಯಪ್ಪನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ಮಿಷನ್ನು ಓಡುತ್ತಿದ್ದಂತೆಯೇ ಗೋಡೆಗೆ ಅಂಗೈ ಒತ್ತಿ ಸವರುತ್ತಾ ಹೋದ. ಒಂದು ಕಡೆ ಅಂಗೈ ಜುಮ್ಮೆಂದಿತು. ಹಲಗೆ ಬಿಚ್ಚಿ ನೋಡಿದರೆ ಸಂದಿಗೆ ಅಡ್ಡಲಾಗಿ ಮರದ ತುಂಡು, ಎರಡೂ ಸಾಲಿಗೆ ಮೊಳೆ! ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಹೊಡೆದದ್ದು ಅವನದೇ ಕೈ. 'ಒಂಟಿ ಕಂಬ ಬಿಡಬೇಡ, ಪಕ್ಕದ್ದಕ್ಕೆ ಕಟ್ಟು' ಅಂತ ಅಪ್ಪ ಗುದ್ದಿ ಗುದ್ದಿ ಕಲಿಸಿದ್ದು, ತಲೆ ಬೇಡ ಅಂದರೂ ಕೈ ಮಾಡಿ ಮುಗಿಸಿತ್ತು.

"ಮಾವನವರು ಬಂದು ಹೊಡೆದು ಹೋದ್ರೇನೋ" ಅಂತ ಹೆಂಡತಿ ನಕ್ಕಳು.

ಎಲ್ಲ ತುಂಡನ್ನೂ ಕಿತ್ತು ಹಲಗೆಯನ್ನು ಮತ್ತೆ ಬಿಗಿದ. ಮತ್ತೆ ಮಿಷನ್ನು ಓಡಿತು. ತಂಗಿ ಚಾಪೆಯಿಂದಲೇ ಕೂಗಿದಳು, "ಯಾವಾಗ ಶುರು ಮಾಡ್ತೀರಿ?" ಶುರುವಾಗಿ ಎಷ್ಟೋ ಹೊತ್ತಾಗಿತ್ತು! ಉಳಿಯಪ್ಪ ಹೆಂಡತಿಯ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟ.

ಆದರೆ ಎರಡು ಸಂಸಾರದ ನಡುವೆ ಮರದ ಗೋಡೆ ಅಂದಮೇಲೆ ಅಗ್ನಿಶಾಮಕ ಇಲಾಖೆ ಒಪ್ಪಬೇಕಲ್ಲ. ಅಧಿಕಾರಿ ಬಂದರು, ಗಟ್ಟಿ ಹೆಜ್ಜೆಯ ಹೆಂಗಸು. ಒಂದು ಹಲಗೆ ಬಿಚ್ಚಿಸಿ, ಟಾರ್ಚು ಹಿಡಿದು ಸಂದಿಯೊಳಗೆ ಕೆಳಗಿಂದ ಮೇಲಿನವರೆಗೂ ನೋಡಿದರು.

"ಮರ ಒಳ್ಳೇದು, ಹಲಗೆಯೂ ಸರಿ. ಆದರೆ ಈ ಸಂದು ಗೋಡೆಯಲ್ಲ, ಹೊಗೆಗೂಡು. ಕೆಳಗೆ ಕಿಡಿ ಬಿದ್ದರೆ ಸೀದಾ ಚಾವಣಿಗೆ. ಅಡ್ಡ ತಡೆ ಎಲ್ಲಿ?"

"ಇತ್ತು ಮೇಡಂ, ಇವತ್ತು ಬೆಳಿಗ್ಗೆ ತಾನೇ ಕಿತ್ತೆ" ಅಂದ ಉಳಿಯಪ್ಪ, ಅಳು ನಗು ಎರಡೂ ಒಟ್ಟಿಗೆ ಬಂದು. ತುಂಡು ಹಾಕಿದರೆ ತಂಗಿಗೆ ನಿದ್ದೆಯಿಲ್ಲ, ತೆಗೆದರೆ ಒಪ್ಪಿಗೆಯಿಲ್ಲ. ಅತ್ತ ದರಿ, ಇತ್ತ ಪುಲಿ.

ಹೆಂಡತಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಂದಳು. "ಮರವೇ ಯಾಕಾಗಬೇಕು? ನಾನು ಸೀಟಿನ ಮೂಲೆಗೆ ತುಂಬೋ ಹಾಗೆ ಆ ನಾರನ್ನೇ ಸಂದಿಗೆ ಗಿಡಿದರೆ? ಮೆತ್ತಗಿರುತ್ತೆ, ಸದ್ದು ದಾಟಲ್ಲ."

"ನಿಯಮವೂ ಒಪ್ಪುತ್ತಮ್ಮ" ಅಂದರು ಅಧಿಕಾರಿ. "ಆದರೆ ಸಡಿಲ ತುಂಬಿದರೆ ಬೆಂಕಿ ಬಿದ್ದಾಗ ಜಾರಿ ಬೀಳುತ್ತೆ. ಬಿಗಿ ಹೇಗಿದೆ ಅಂತ ನಾನು ನೋಡಬೇಕು. ಸುಟ್ಟು ತೋರಿಸ್ತೀರಾ?"

ಕೇಳಬೇಕೆ! ಹಿತ್ತಲ ಮರಳ ಮೇಲೆ ಎರಡು ಗಿಡ್ಡ ಗೋಡೆ ಎದ್ದವು. ಒಂದರ ಸಂದು ಖಾಲಿ. ಇನ್ನೊಂದರದ್ದನ್ನು ಹೆಂಡತಿ ಮರದ ಕೋಲಿನಿಂದ ಗಿಡಿದಳು, ಗಿಡಿದು ಮತ್ತೆ ಗಿಡಿದಳು. ಇಲಾಖೆಯವರು ನೀರಿನ ಪೈಪು ಹಿಡಿದು ನಿಂತರು. ಕಾಂಪೌಂಡಿನ ಮೇಲೆ ಅಕ್ಕಪಕ್ಕದವರ ತಲೆಗಳ ಸಾಲು. ಪಾಳಿ ಮುಗಿಸಿದ ತಂಗಿ ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ನಿಂತಳು.

ಎರಡಕ್ಕೂ ಒಮ್ಮೆಲೇ ಬೆಂಕಿ. ಖಾಲಿ ಸಂದು ಉಸಿರೆಳೆದ ಹಾಗೆ ಸೊಯ್ ಅಂದಿತು, ನೋಡನೋಡುತ್ತಿದ್ದಂತೆ ನೆತ್ತಿಯಲ್ಲಿ ಕೆಂಪು ನಾಲಗೆ! "ಅಯ್ಯಯ್ಯೋ!" ಅಂದವು ಕಾಂಪೌಂಡಿನ ತಲೆಗಳು. ಇನ್ನೊಂದರ ಬುಡದಲ್ಲಿ ಉರಿ ಕುಣಿಯಿತು, ಕಂಬದ ಮೈ ಕರ್ರಗಾಯಿತು, ನೆತ್ತಿಯಲ್ಲಿ ಮಾತ್ರ ಹೊಗೆಯ ಎಳೆಯೂ ಇಲ್ಲ. ಉಳಿಯಪ್ಪ ತಂಗಿಯ ತೋಳನ್ನು ಹಿಂಡುತ್ತಿದ್ದ.

"ಅಣ್ಣಾ, ಗೋಡೆ ನಿಂತಿದೆ, ನನ್ನ ಕೈ ಬಿಡು!"

ನೀರು ಹೊಡೆದ ಮೇಲೆ ಅಧಿಕಾರಿ ಸುಟ್ಟ ಕಂಬವನ್ನು ಕೊಯ್ಯಿಸಿದರು. ಹೊರಗೆ ಇದ್ದಿಲು, ಒಳಗೆ ಹಸನಾದ ಹಳದಿ ಮರ. ನಾರು ತುಂಬಿದಲ್ಲೇ ಕಚ್ಚಿ ಕೂತಿತ್ತು. "ಮನೆಯ ಗೋಡೆಯನ್ನೂ ಇಷ್ಟೇ ಬಿಗಿಯಾಗಿ ತುಂಬಿ. ಹಲಗೆ ಮುಚ್ಚೋ ಮೊದಲು ಬಂದು ನೋಡ್ತೀನಿ."

ಹೆಂಡತಿ ನಾರು ತುಂಬಿದಳು, ಉಳಿಯಪ್ಪ ಎತ್ತಿಕೊಟ್ಟ. ಅಧಿಕಾರಿ ನೋಡಿ ತಲೆಯಾಡಿಸಿದ ಮೇಲೆ ಹಲಗೆ ಮುಚ್ಚಿ, ಅಂಚಿಗೆಲ್ಲ ಪುಟ್ಟಿ ಮೆತ್ತಿ ಮುಗಿಸಿದ. ಮಾರನೆಯ ಬೆಳಿಗ್ಗೆ ತಂಗಿ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದಳು. "ಒಂದು ಗಳಿಗೆ ಒರಗಿ ನೋಡ್ತೀನಿ ಅಷ್ಟೆ, ಚಪ್ಪಲಿಯನ್ನೂ ಬಿಚ್ಚಲ್ಲ" ಅಂತ ಒಳಗೆ ಹೋದಳು. ಈಚೆ ಮಿಷನ್ನು ಗುಡುಗಿತು, ಲೋಟಗಳು ಕುಣಿದವು. ಬೆಳಗು ಕಳೆದು ಊಟದ ಹೊತ್ತೂ ಆಯಿತು. ಆಚೆಯಿಂದ ಚಕಾರವಿಲ್ಲ.

ಉಳಿಯಪ್ಪ ತಡೆಯಲಾರದೆ ಬಾಗಿಲು ಸರಿಸಿ ಇಣುಕಿದ. ತಂಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಚಪ್ಪಲಿಗಳು ಗೋಡೆಯ ಬುಡದಲ್ಲಿ ಜೋಡಿಯಾಗಿ ಕೂತಿದ್ದವು.

ಓಡಿ ಈಚೆ ಬಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ, "ಹೋಗಲ್ಲ ಕಣೇ, ಇವಳು ಎಲ್ಲಿಗೂ ಹೋಗಲ್ಲ!"

"ರೀ, ಜೋರಾಗಿ ಹೇಳ್ರೀ!" ಅಂದಳು ಹೆಂಡತಿ, ಮಿಷನ್ನು ನಿಲ್ಲಿಸದೆ. "ಇಲ್ಲಿ ಕಿವಿ ಕೇಳಿಸದೇ ಇರೋದು ನನಗೆ!"