ಹಲಗೆಯ ಮೇಲೆ ಬಿಸಿಬೇಳೆಬಾತು

ರಘೋತ್ತಮರ ಕಾರಿನ ನೆತ್ತಿಗೆ ಕಟ್ಟಿದ್ದ ಹತ್ತಡಿ ಹಲಗೆಯನ್ನು ಊಟ ಬಡಿಸುವ ಮೇಜೆಂದು ತಿಳಿದವರಲ್ಲಿ ಈ ಲೇಖಕನೂ ಒಬ್ಬ. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಮೇಜು ಸಾಲದಾಗಿತ್ತು. ಅಧ್ಯಕ್ಷ ಕುಬೇರಪ್ಪನವರ ಅಪ್ಪಣೆಯಂತೆ ಹಲಗೆಯನ್ನು ಇಳಿಸಿ, ಎರಡು ಕುರ್ಚಿಗಳ ಮೇಲೆ ಅಡ್ಡ ಹಾಕಿ, ಹೊಗೆಯಾಡುವ ಬಿಸಿಬೇಳೆಬಾತಿನ ಪಾತ್ರೆ ಕೂರಿಸಿಬಿಟ್ಟೆವು. ಅದು ಬೆಟ್ಟದಂಥ ಅಲೆಗಳ ಮೇಲಿಂದ ಜಾರುವ ಸರ್ಫಿಂಗ್ ಹಲಗೆಯೆಂದು ತಿಳಿದದ್ದು, ಪಾತ್ರೆ ಎತ್ತಿದಾಗ ದುಂಡನೆಯ ತಗ್ಗು ಕಂಡ ಮೇಲೆ. ರಘೋತ್ತಮ ತಗ್ಗನ್ನು ಬೆರಳಿನಿಂದ ಒತ್ತಿ ನೋಡಿ, "ಬಾತು ಚೆನ್ನಾಗಿತ್ತು" ಎಂದರು, ಅಷ್ಟೆ. ಮನೆಗೆ ಹೋಗಿ ತಾವೇ ರಾಳ ತುಂಬಿ, ಉಜ್ಜಿ, ಸರಿಮಾಡಿಕೊಂಡರು.

ಮೈಸೂರಿನವರು, ಐವತ್ತು ದಾಟಿದವರು, ಮೌಂಟನ್ ವ್ಯೂನಲ್ಲಿ ಕೆಲಸ. ಅಲೆಯ ಹೊಡೆತಕ್ಕೆ ಎಡಭುಜ ಒಮ್ಮೆಯಲ್ಲ, ಎರಡು ಸಲ ಕಳಚಿತ್ತು. ಹೆಂಡತಿ ರಮಾ ಗಡುವು ಕೊಟ್ಟಿದ್ದರು: "ಈ ಚಳಿಗಾಲ ಒಂದೇ ರೀ. ಅಲೆ ಸಿಗ್ಲಿ, ಬಿಡ್ಲಿ, ಆಮೇಲೆ ಹಲಗೆ ಗ್ಯಾರೇಜಿಗೆ, ನೀವು ಮನೆಗೆ."

ರಘೋತ್ತಮರಿಗೂ ಬೇಕಿದ್ದದ್ದು ಒಂದೇ ಅಲೆ. ಹಿಂದೊಮ್ಮೆ ಅಂಥದು ಸಿಕ್ಕಿತ್ತು. ಹಲಗೆ ಕಾಲಡಿಯಲ್ಲಿ ನಡುಗುತ್ತ ಇಳಿದಾಗ ಆಫೀಸು, ಮೀಟಿಂಗು, ಮಂಡಿನೋವು ಎಲ್ಲ ಮರೆತುಹೋಗಿ, ಲೋಕದಲ್ಲಿ ತಾವೊಬ್ಬರು, ನೀರೊಂದು. ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು. ಅದರ ರುಚಿಗೇ ವರ್ಷಗಟ್ಟಲೆ ಕಾದಿದ್ದರು.

ಈ ಸಲವೂ ಕಾದರು. ಅಲೆ ಎದ್ದ ದಿನ ಮೀಟಿಂಗು. ರಜೆ ಹಾಕಿದ ದಿನ ಅಡ್ಡಗಾಳಿ. ಎರಡೂ ಸರಿಯಿದ್ದ ದಿನ ಮಂಜು. ಫ್ರೀವೇ ಹಿಡಿದು, ಹಾಫ್ ಮೂನ್ ಬೇ ಆಚೆ, ದೊಡ್ಡ ಅಲೆಗಳಿಗೆ ಹೆಸರಾದ ಮ್ಯಾವರಿಕ್ಸ್ ಕಡಲತೀರ ತಲುಪಿ, ಕೊರೆಯುವ ನೀರಿನಲ್ಲಿ ಹಲಗೆಯ ಮೇಲೆ ಕೂತು, ಹಲ್ಲು ಕಟಕಟಿಸಿಕೊಂಡು ಬರಿಗೈಯಲ್ಲಿ ವಾಪಸು. ಸಾಹಸವೆಂದರೆ ಬಹುಪಾಲು ಇದೇ.

ಫೆಬ್ರವರಿಯ ಕೊನೆಗೆ ಎಲ್ಲವೂ ಕೂಡಿಬಂತು. ಮೂರಂತಸ್ತಿನ ಮನೆಯಂಥ ಅಲೆಯೊಂದು ಸೀದಾ ಅವರ ಬೆನ್ನಿಗೇ ಎದ್ದಿತು. "ಗೋ! ಗೋ!" ಎಂದು ಪಕ್ಕದವರು ಕೂಗಿದರು. ರಘೋತ್ತಮ ನೋಯುವ ಭುಜದಲ್ಲೇ ನೀರು ತಳ್ಳಿದರು. ಹಲಗೆಯ ಮೂತಿ ಅಲೆಯಂಚಿನಿಂದಾಚೆ ಚಾಚಿತು. ಕೆಳಗೆ ನೋಡಿದರು. ಬಾವಿ ಬಾಯ್ತೆರೆದಂತಿತ್ತು. ಹಲಗೆಯನ್ನು ಹಿಂದಕ್ಕೆ ಜಗ್ಗಿ ಕೂತುಬಿಟ್ಟರು. ಅಲೆ ಅವರನ್ನು ಅಲ್ಲೇ ಬಿಟ್ಟು ಹೋಗಿ, ಗುಡುಗಿ, ಒಡೆಯಿತು.

"ಸಿಕ್ತಾ?" ಎಂದರು ರಮಾ, ಬಾಗಿಲಲ್ಲೇ.

"ಸಿಕ್ಕಿತ್ತು. ಬಿಟ್ಬಿಟ್ಟೆ."

ರಮಾ ಸಾರು ಬಿಸಿಗಿಟ್ಟರು. ಹಲಗೆ ಗ್ಯಾರೇಜು ಸೇರಿತು.

ಇತ್ತ ಕುಬೇರಪ್ಪ, ರಘೋತ್ತಮರು ಅಲೆ ಗೆದ್ದೇ ಬಂದರೆಂದುಕೊಂಡು, ಯುಗಾದಿ ಸಮಾರಂಭಕ್ಕೆ ಶಾಲು, ಮೈಸೂರು ಪೇಟ, 'ಸಾಗರ ಕೇಸರಿ' ಎಂಬ ಬಿರುದು ಎಲ್ಲ ಸಿದ್ಧ ಮಾಡಿಸಿದ್ದರು. ವೇದಿಕೆಯ ಮೇಲೆ ರಘೋತ್ತಮ ಅಧ್ಯಕ್ಷರ ಕಿವಿಯಲ್ಲಿ, "ಸಾರ್, ನಾನು ಆ ಅಲೆ ಹತ್ತಲೇ ಇಲ್ಲ" ಎಂದರು. ಹೊದಿಸಿದ ಶಾಲನ್ನು ವಾಪಸು ತೆಗೆಯುವುದು ಹೇಗೆ? ಅಧ್ಯಕ್ಷರು ಮೈಕಿಗೇ ಬಾಯಿಟ್ಟರು.

"ಬಂಧುಗಳೇ, ತಪ್ಪು ನಮ್ದು! ನಮ್ಮ ಬಾತಿನ ಪಾತ್ರೆಯಿಂದ ಹಲಗೆ ಮೆತ್ತಗಾಗಿತ್ತು, ಅದಕ್ಕೇ ನೀವು ವಾಪಸ್ ಬಂದಿದ್ದು, ಅಲ್ವೇ ಸಾರ್? ಇಲ್ಲಾಂದ್ರೆ ಅಲೇನ ಬಗ್ಗುಬಡೀತಿದ್ರಿ, ಅಲ್ವೇ?"

ಕಿವಿಯವರೆಗೆ ಇಳಿದಿದ್ದ ಪೇಟವನ್ನು ರಘೋತ್ತಮ ಮೇಲೆತ್ತಿಕೊಂಡರು.

"ಹಲಗೆ ಗಟ್ಟಿಯಾಗೇ ಇತ್ತು ಸಾರ್. ಹೆದರಿಕೆ ಆಗಿದ್ದು ನಂಗೆ."