ಒಣಕೊಂಬೆಯ ಏಳು ಎಲೆ

ಒಣಗಿದ ಕೊಂಬೆ ಚಿಗುರುವುದಿಲ್ಲ. ನನ್ನ ಕಣ್ಣೇ ಮೋಸ ಹೋಗಿರಬೇಕು, ಅಷ್ಟೇ. ದೆವ್ವ, ಪವಾಡ ಅಂದವರನ್ನು ಬೈದು ಕಳಿಸುವ ಹೆಂಗಸು ನಾನು. ಆದರೂ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಐದಾರು ವರ್ಷದ ಹಿಂದಿನ ಮಾತು. ಜರಗನಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಗಳ ಹಿಂದೆ ಕೆಂಪು ತೊಳೆಯ ಹಲಸಿನ ಮರವಿತ್ತು. ನನ್ನ ಮಗಳು ರತ್ನ ಚಿಕ್ಕವಳಿದ್ದಾಗ ಬೀಜ ಹಾಕಿ ಬೆಳೆಸಿದ್ದು. ರತ್ನ ತೀರಿಕೊಂಡಳು. ಸುತ್ತ ಸಿಮೆಂಟು ಹಾಕಿಸಿದ ಮೇಲೆ ಮರವೂ ಒಣಗಿತು. ಹಾಕಿಸಿದವಳು ನಾನೇ. ತುದಿಯ ಒಂದು ಕೊಂಬೆಯಲ್ಲಿ ಮಾತ್ರ ಹಸಿರಿತ್ತು. ಅದರ ಬೀಜದಿಂದ ಒಂದು ಸಸಿಯೂ ಉಳಿದಿರಲಿಲ್ಲ.

ರತ್ನಳ ಮಗಳು ಸುಮಾ ಗಿಡಮರಗಳ ವಂಶದ ಗುರುತು, ಅದೇ ಜೀನು ಅಂತಾರಲ್ಲ, ಅದನ್ನು ಓದುವ ಕೆಲಸದವಳು. ಈ ತಳಿ ಬೇರೆಲ್ಲೂ ಸಿಕ್ಕಿಲ್ಲ, ಇದರ ಎಲೆ ಬೇಕೇಬೇಕು ಅಂತ ಬಂದಳು.

“ಎಲೆ ಹಸಿರಿನೊಳಗಿನ ಜೀನು ನಾನು ಓದೋದು, ಅದು ತಾಯಿ ಮರದಿಂದ ಮಾತ್ರ ಬರೋದು ಅಜ್ಜಿ. ಅಪ್ಪಂದು ಏನೂ ಇರಲ್ಲ.”

“ನಿಮ್ಮಪ್ಪಂದೂ ಏನೂ ಇರ್ಲಿಲ್ಲ ಬಿಡು,” ಅಂದೆ. ನಕ್ಕಳು.

ಎಲೆಯೊಳಗಿನ ಪಿಷ್ಟ ಕರಗಲು ಅದನ್ನು ಎರಡು ದಿನ ಕತ್ತಲಲ್ಲಿಟ್ಟು ಕೀಳಬೇಕಂತೆ. ಹಸಿರು ಕೊಂಬೆಗೆ ಕಪ್ಪು ಬಟ್ಟೆ ಕಟ್ಟಿಸು ಎಂದು ಹೇಳಿ ಹೋದಳು. ಏಣಿ ಹತ್ತುವವರು ಸಿಗಲಿಲ್ಲ. ಓದಿದವರದೂ ಒಂದು ಶಾಸ್ತ್ರ, ಮರಕ್ಕೆ ಕಟ್ಟಿದರೆ ಸಾಕು ಅಂದುಕೊಂಡು, ರತ್ನಳ ಹಳೆಯ ಕಪ್ಪು ಲಂಗವನ್ನು ಕೈಗೆಟುಕಿದ ಒಣಕೊಂಬೆಗೆ ಸುತ್ತಿದೆ.

ಮೂರನೇ ದಿನ ಸುಮಾ ಬರುವಷ್ಟರಲ್ಲಿ ತುದಿಯ ಹಸಿರು ಎಲೆಗಳೆಲ್ಲ ಉದುರಿ ಒಣಗಿದ್ದವು. “ಅಜ್ಜಿ, ಏನ್ ಮಾಡ್ಬಿಟ್ಟೆ ನೀನು! ಇದೇ ಕೊನೇದು ಅಂದಿದ್ನಲ್ಲ!” ಎಂದು ಸಿಮೆಂಟಿನ ಮೇಲೆ ಕೂತುಬಿಟ್ಟಳು.

ನಾನು ಒಣಕೊಂಬೆಗೆ ಸುತ್ತಿದ್ದ ಲಂಗ ಬಿಚ್ಚಿದೆ. ಒಳಗೆ ಏಳು ಎಲೆ. ತಿಳಿ ಹಳದಿ, ಎಳೆಗೂಸಿನ ಕಿವಿಯಂತೆ ಮೆತ್ತಗೆ. ಕಿತ್ತರೆ ಹಾಲು ಸುರಿದು ಬೆರಳಿಗೆಲ್ಲ ಅಂಟಿತು. ಸುಮಾ ನನ್ನ ಮುಖ ನೋಡಿದಳು. ಎಲೆಗಳನ್ನು ಡಬ್ಬಿಗೆ ಹಾಕಿಕೊಂಡು ಹೋದಳು.

ಎಷ್ಟೋ ತಿಂಗಳಾದ ಮೇಲೆ, “ಆ ಎಲೆಯ ಜೀನು ಪೂರ್ತಿ ಸಿಕ್ತು ಅಜ್ಜಿ,” ಎಂದು ಫೋನು ಮಾಡಿದಳು. ಸಿಕ್ಕಿ ಏನು ಬಂತು? ಕಂಪ್ಯೂಟರಿನಲ್ಲಿರುವ ಮರ ಹಣ್ಣು ಬಿಡುವುದಿಲ್ಲ. ಆ ಎಲೆ ಎಲ್ಲಿಂದ ಬಂತೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಎಲೆ ಕಿತ್ತ ಮಾರನೇ ಬೆಳಿಗ್ಗೆ ಆ ಕೊಂಬೆಯನ್ನು ಬಗ್ಗಿಸಿ ನೋಡಿದೆ. ಪಟ್ಟನೆ ಮುರಿಯಿತು. ಒಳಗೆಲ್ಲ ಗೆದ್ದಲು ತಿಂದ ಪುಡಿ, ಹಸಿಯೆಂಬುದೇ ಇಲ್ಲ. ಬೆರಳಿನ ಅಂಟು ಮಾತ್ರ ಇನ್ನೂ ಹೋಗಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೊಳೆದೆ. ಮರ ಕಡಿಯುವವನಿಗೆ ಫೋನು ಮಾಡಿ ಬಾ ಅಂದೆ.